ಏನ್ ಸಾರು?

ಹೆಬ್ಬಾಳದ ಫ್ಲೈಓವರ್ ದಾಟಿ
ಥರ್ಮಾಕೋಲ್ ಡಬ್ಬಿಯಲ್ಲಿ, ಹೊಗೆಯಾಡುವ ಡ್ರೈ ಐಸಿನ ನಡುವೆ
ಬಂದಿದೆ ಓರ್ಕಾ ತಿಮಿಂಗಿಲಗಳ ಮಲ.
ಹದಿನಾರು ಸೀಸೆ, ಒಂದೊಂದರಲ್ಲೂ ಚಮಚೆಯಷ್ಟು.
ಸೀಲು ಒಡೆದು ಎಣಿಸಿಕೊಳ್ಳುವುದು ನನ್ನ ಕೆಲಸ.

ಯಾವುದೋ ತಣ್ಣನೆಯ ಕಡಲಲ್ಲಿ
ದೋಣಿಯ ಮೂತಿಗೆ ನಿಂತ ನಾಯಿ
ಗಾಳಿ ಮೂಸಿ ತಿರುಗಿದತ್ತ ಇವರೂ ತಿರುಗಿ,
ಮುಳುಗುವ ಮೊದಲೇ ಬಲೆಯಲ್ಲಿ ಮೊಗೆದರಂತೆ.
ಬೇಟೆ ಮುಗಿದಲ್ಲಿ ತೇಲುವ ಒಂದು ಹುರುಪೆ ಸಿಕ್ಕರೂ ಸಾಕಂತೆ.
ಮೊದಲೆಲ್ಲ ದಡಕ್ಕೆ ಬಿದ್ದ ಹೆಣದ ಹೊಟ್ಟೆ ಸೀಳಬೇಕಿತ್ತು.
ಈಗ ಹಿಂದಿನಿಂದ ಹೋಗಿ, ಮರ್ಯಾದೆಯಾಗಿ
ನಮ್ಮೂರಲ್ಲಿ ಎಲ್ಲರೂ ಕೇಳುವುದನ್ನೇ ಕೇಳುವುದು:
ಊಟ ಆಯ್ತಾ? ಏನ್ ಸಾರು?

ಯಂತ್ರಕ್ಕೆ ಮೂರು ದಿನ ಬೇಕು.
ಆಮೇಲೆ ಪರದೆಯ ಮೇಲೆ
ಸತ್ತ ಮೀನು ತಾನೇ ಹೆಸರು ಹೇಳುತ್ತದೆ:
ಸಾಲ್ಮನ್, ಸಾಲ್ಮನ್, ಮತ್ತೆ ಸಾಲ್ಮನ್,
ಎಲ್ಲೋ ಒಂದು ಚೂರು ಹಾಲಿಬಟ್.
ಒಂಬತ್ತನೆಯ ಸೀಸೆಯಲ್ಲಿ ಮೀನೇ ಇಲ್ಲ. ಸೀಲ್ ಮಾಂಸ.

"ತಪ್ಪಲ್ಲ ಅದು," ಅಂದರು ನಾಗವೇಣಿ ಮೇಡಂ.
"ಬೇರೆ ಬಳಗ. ಒಂದೇ ನೀರು, ಅದೇ ಕಪ್ಪುಬಿಳಿ,
ಪಂಕ್ತಿ ಮಾತ್ರ ಬೇರೆ.
ಎದುರಾದರೂ ಮಾತಿಲ್ಲ. ಹೆಣ್ಣು ಕೊಟ್ಟು ತಂದದ್ದಿಲ್ಲ."
ನಾನು ನಕ್ಕೆ. ಅವರು ನಗಲಿಲ್ಲ.

ರಾಜಾಜಿನಗರದ ಮನೆಗೆ ಅಡ್ವಾನ್ಸ್ ಕೊಡುವಾಗ
ಓನರ್ ಕೇಳಿದ್ದು ಹೆಸರಲ್ಲ, ಸಂಬಳವಲ್ಲ.
"ನೀವು... ವೆಜ್ಜೇ ತಾನೆ?"
ಹೂಂ ಅಂದೆ.
ಅಂದಿನಿಂದ ರಸೆಲ್ ಮಾರ್ಕೆಟ್ಟಿನ ಬೂತಾಯಿ
ಮೂರು ಕವರಿನೊಳಗೆ ಮೆಟ್ಟಿಲು ಹತ್ತುತ್ತದೆ.
ಕಿಟಕಿ ಮುಚ್ಚಿ, ಊದುಬತ್ತಿ ಹಚ್ಚಿ, ಒಗ್ಗರಣೆ ಸದ್ದಿಗೂ ಬೆಚ್ಚಿ,
ಮುಳ್ಳನ್ನೆಲ್ಲ ಪೇಪರಿನಲ್ಲಿ ಸುತ್ತಿ ಹಸಿಕಸದ ತಳಕ್ಕೆ.

ಕಸದ ಆಟೋದ ರತ್ನಗಂಗಮ್ಮ ಎಂಟಕ್ಕೆ ಬರುತ್ತಾಳೆ.
ಬೀದಿಯ ಹೊಟ್ಟೆಯೆಲ್ಲ ಅವಳಿಗೆ ಗೊತ್ತು.
ಯಾರಿಗೆ ಸಕ್ಕರೆ ಕಾಯಿಲೆ ಬಂತು,
ಯಾರ ಮನೆಯಲ್ಲಿ ತಿಂಗಳ ಕೊನೆಗೆ ತರಕಾರಿ ಸಿಪ್ಪೆಯೇ ಇಲ್ಲ.
ಓನರ್ ಮನೆಯದ್ದು ಒಮ್ಮೆ ಕೇಳಿದ್ದೆ.
"ಅವರದ್ದು ಅವರಿಗೆ" ಅಂದಿದ್ದಳು.

ಇವತ್ತು ಪೇಪರು ನೆನೆದು ಹರಿದಿತ್ತು.
ಬಕೆಟ್ ಬಗ್ಗಿಸಿದಾಗ ಅವಳ ಗ್ಲೋವಿಗೆ
ಒಂದು ಹುರುಪೆ ಅಂಟಿತು, ಬೆಳ್ಳಗೆ.
ಎರಡು ಬೆರಳಲ್ಲಿ ಬಿಡಿಸಿ ಬಿಸಿಲಿಗೆ ಹಿಡಿದಳು.
ಯಂತ್ರವಿಲ್ಲ, ಮೂರು ದಿನವಿಲ್ಲ.
"ಬೂತಾಯಿ," ತುಟಿಯಷ್ಟೇ ಆಡಿತು.

ಮೇಲೆ ಓನರ್ ಒದ್ದೆ ಟವೆಲ್ಲು ಕೊಡವುತ್ತಿದ್ದರು.
ಪಕ್ಕದ ಮನೆಯ ಎಂಜಲೆಲೆ ಎಳೆದು
ನನ್ನ ಮುಳ್ಳಿನ ಮೇಲೆ ಮುಚ್ಚಿದಳು ರತ್ನಗಂಗಮ್ಮ.
ಆಮೇಲೆ ಗಟ್ಟಿಯಾಗಿ, ಬೀದಿಗೆಲ್ಲ ಕೇಳುವಂತೆ:
"ತಿಂಡಿ ಆಯ್ತಾ, ಅಕ್ಕಾ?"
ಆಯ್ತು ಅಂದೆ.
ಏನು ಅಂತ ಕೇಳಲಿಲ್ಲ.