ಗೀರು

ನಮ್ಮ ಬ್ಯಾಂಡಿನಲ್ಲಿ ಸ್ವಂತದ್ದು ಅಂತ ಏನೂ ಇಲ್ಲ.
ಹಾಡು ಅವರದು, ಗಿಟಾರಿನ ಏರಿಳಿತ ಅವರದು,
ಅವರು ಮಾಡಿದ ತಪ್ಪೂ ಅವರದೇ.
ಅದನ್ನು ಹಾಗೇ ಮಾಡಲು ನಾವು ಆರು ತಿಂಗಳು ಕಲಿತಿದ್ದೇವೆ.

ಅಮ್ಮತ್ತಿಯ ಮೆಣಸಿನ ಗೋದಾಮು. ಭಾನುವಾರ. ಷಟರ್ ಅರ್ಧ ಇಳಿಸಿ
ಪೆಮ್ಮಯ್ಯ ಕ್ಯಾಸೆಟ್ಟು ಹಾಕುತ್ತಾನೆ, ನಿಲ್ಲಿಸುತ್ತಾನೆ, ಹಿಂದಕ್ಕೆ ಓಡಿಸುತ್ತಾನೆ:
'ಕೇಳಿ, ಎರಡನೆಯ ಚರಣದ ಬೆನ್ನಿಗೆ ಒಂದು ಕಿರ್.
ಅದು ಡ್ರಮ್ಮಿನ ಪೆಡಲು. ಹಂಸಾ, ನಿನ್ನದಕ್ಕೆ ಎಣ್ಣೆ ಬಿಟ್ಟೀಯ, ಜೋಕೆ.'
ಚಪ್ಪಲಿ ಅಂಗಡಿಯ ಹಂಸ
ಮನೆಯ ಬಾಗಿಲು ಕಿರುಗುಟ್ಟಿದಾಗಲೂ ಈಗ
ತಲೆಯಾಡಿಸಿ ಮೆಚ್ಚುತ್ತಾನಂತೆ.

ಹಾಡುವವಳು ಬೊಳ್ಳಮ್ಮ. ರೆಕಾರ್ಡು ಮಾಡಿದ ದಿನ
ಆ ಗಾಯಕನಿಗೆ ನೆಗಡಿಯಿತ್ತು ಅಂತ ಪೆಮ್ಮಯ್ಯನ ಗುಮಾನಿ;
ಇವಳು ಅವನ ನೆಗಡಿಯನ್ನೂ ಹಾಡುತ್ತಾಳೆ.
ಐವತ್ತು ವರ್ಷದ ಹಿಂದೆ, ಕಡಲಾಚೆ ಎಲ್ಲೋ,
ಅವನು ಉಸಿರೆಳೆದಲ್ಲೇ ಇವಳೂ ಎಳೆಯುತ್ತಾಳೆ.
ಇಲ್ಲಿಯ ಗಾಳಿಯ ತುಂಬ ಮೆಣಸಿನ ಧೂಳು,
ಆದರೂ ಸೀನುವುದಿಲ್ಲ.

ನಾನು ಬೇಸ್. ಹಗಲು ಸಂಘದಲ್ಲಿ ಮೆಣಸಿನ ತೇವ ಅಳೆಯುವವನು.
ಮುಳ್ಳು ಹನ್ನೊಂದು ಅಂದರೆ ಹನ್ನೊಂದೇ ಬರೆಯುತ್ತೇನೆ,
ಮೂಟೆ ತಂದವನು ಸ್ವಂತ ಮಾವನಾದರೂ.

ಡಿಸೆಂಬರಿನಲ್ಲಿ ಸಿದ್ದಾಪುರದಾಚೆಯ ಕ್ಲಬ್ಬಿಗೆ ಕರೆ ಬಂತು.
ಗೋಡೆಯ ಮೇಲೆ ಕಾಟಿಯ ತಲೆ, ಒಂದೇ ಗಾಜುಗಣ್ಣು.
ಎಪ್ಪತ್ತರ ಆಸುಪಾಸಿನ ಜೋಡಿಗಳು, ಪಾಲಿಶ್ ಹಾಕಿದ ಬೂಟು.
ಆ ಹಾಡು ಎತ್ತಿದೆವು. ಪೆಡಲು ಕಿರ್ ಅಂದಿತು,
ನೆಗಡಿ ಸಮಯಕ್ಕೆ ಸರಿಯಾಗಿ ಬಂತು,
ಪೆಮ್ಮಯ್ಯ ಕಣ್ಣು ಮುಚ್ಚಿದ.
ಮೂರನೆಯ ಚರಣ, ನಾಲ್ಕನೆಯ ಸಾಲು.
ಧಡ್. ಧಡ್. ಧಡ್.
ಇಡೀ ಹಾಲು ಒಟ್ಟಿಗೇ ಹಿಮ್ಮಡಿ ಬಡಿಯಿತು!
ನಾವು ಮುಂದೆ ಹೋಗಿದ್ದೆವು, ಅವರು ಅಲ್ಲೇ ಇದ್ದರು,
ಜೋಡಿಗೆ ಜೋಡಿ ಡಿಕ್ಕಿ, ಯಾರದೋ ಕನ್ನಡಕ ನೆಲಕ್ಕೆ.
ಒಬ್ಬಾಕೆ ನಮ್ಮನ್ನು ನೋಡಿದ ನೋಟ
ಕಾಚಂಪುಳಿ ಹಾಕದೆ ಪಂದಿಕರಿ ಬಡಿಸಿದವರನ್ನು ನೋಡುವಂಥದ್ದು.

ಆಮೇಲೆ ಕುಟ್ಟಪ್ಪ ಬಂದ, ಆ ಕಾಲದಲ್ಲಿ ಬಾರು ನೋಡಿಕೊಂಡು
ಪ್ಲೇಟೂ ಬದಲಿಸುತ್ತಿದ್ದವನು.
'ಎಪ್ಪತ್ತನಾಲ್ಕರಲ್ಲಿ ನನ್ನ ಮೊಣಕೈ ತಗುಲಿ ಗೀರು ಬಿತ್ತು.
ಮುಳ್ಳು ಅಲ್ಲೇ ತೊಡರಿಕೊಳ್ಳುತ್ತಿತ್ತು,
ಬಾರಿನಿಂದ ನಾನು ಓಡಿಬಂದು ಬೆರಳು ತಾಗಿಸುವಷ್ಟರಲ್ಲಿ ಮೂರು ಸಲ.
ಹೊಸದು ತರಿಸಲು ಕಮಿಟಿ ಒಪ್ಪಲಿಲ್ಲ.
ಇಪ್ಪತ್ತು ವರ್ಷ ಹಾಗೇ ಕುಣಿದರು.
ನೀವು ಚೆನ್ನಾಗಿ ಬಾರಿಸಿದಿರಿ ಮಕ್ಕಳೇ,
ನನ್ನ ಮೊಣಕೈಯೊಂದು ಬಿಟ್ಟುಹೋಯಿತು.'

ಜೀಪಿನಲ್ಲಿ ಪೆಮ್ಮಯ್ಯ ಮಾತಾಡಲಿಲ್ಲ.
ಮಾಲ್ದಾರೆಯ ತಿರುವಿನಲ್ಲಿ ಆನೆ ದಾಟಲಿ ಅಂತ ಲೈಟು ಆರಿಸಿ ಕೂತಾಗ
ಕತ್ತಲಲ್ಲಿ ಅಂದ: 'ಮೂಲದಲ್ಲಿ ಅದು ಇಲ್ಲ.'
'ಯಾರ ಮೂಲದಲ್ಲಿ?' ಬೊಳ್ಳಮ್ಮ ಕೇಳಿದಳು.
ಆನೆ ದಾಟಿತು. ಹಿಂದೆ ಮರಿಯಿತ್ತು, ಅದೂ ದಾಟಿತು.

ಈಗ ಗೋದಾಮಿನಲ್ಲಿ ಗೀರು ಕಲಿಯುತ್ತಿದ್ದೇವೆ.
ಹೇಳಿದಷ್ಟು ಸುಲಭವಲ್ಲ. ಮೂವರು ತೊಡರಿದರೆ ಒಬ್ಬ ಜಾರುತ್ತಾನೆ.
ಮೂಟೆಯ ಮೇಲೆ ಕೂತ ಕುಟ್ಟಪ್ಪ ಕೈ ಎತ್ತಿ ತಡೆಯುತ್ತಾನೆ:
'ಅವಸರ ಮಾಡಬೇಡಿ, ನಾನಿನ್ನೂ ಬಾರಿನಲ್ಲೇ ಇದ್ದೇನೆ.'

ಮೊನ್ನೆ ಗೋಣಿಕೊಪ್ಪದ ಬಸ್ಸಿನಲ್ಲಿ
ಹಿಂದಿನ ಸೀಟಿನ ಹುಡುಗನ ಫೋನಿನಿಂದ ಅದೇ ಹಾಡು,
ಅವರದೇ, ನಯ, ಎಲ್ಲೂ ಗೀರಿಲ್ಲ.
ಮೂರನೆಯ ಚರಣ. ನಾಲ್ಕನೆಯ ಸಾಲು.
ನನ್ನ ಬಲಗಾಲು ನನ್ನನ್ನು ಕೇಳಲಿಲ್ಲ.
ಧಡ್. ಧಡ್. ಧಡ್.
ಡ್ರೈವರ್ ಬ್ರೇಕು ಹಾಕಿದ. ಕಂಡಕ್ಟರ್ ಬಾಗಿಲು ತೆಗೆದು
ನನ್ನನ್ನೇ ನೋಡಿದ.
ಎರಡೂ ಕಡೆ ತೋಟದ ಬೇಲಿ. ಸ್ಟಾಪಿಲ್ಲ, ಮನೆಯಿಲ್ಲ.
ಏನಂತ ಹೇಳಲಿ?
ಇಳಿದೆ.