ಮೇಲಿನ ಸ್ವರ

ಹಿಮ ಬೀಳುವ ಮೊದಲೇ ಸರೋವರ ಹೆಪ್ಪುಗಟ್ಟಿದ ವರ್ಷ
ನಮಗೆ ಹಬ್ಬ.
ಪಿಹ್ಲಯವೆಸಿ ಆಗ ಯಾರೂ ಬರೆಯದ ಕಪ್ಪು ಹಲಗೆ.
ಬಗ್ಗಿ ನೋಡಿದರೆ ಜೊಂಡು, ಕಲ್ಲು, ಬೇಸಿಗೆಯಲ್ಲಿ ಯಾರೋ ಬೀಳಿಸಿದ ಹುಟ್ಟು,
ಒಂದು ಪಟ್ಟೆ ಮೀನು, ನಮ್ಮನ್ನು ಕಂಡೂ ಕಾಣದ ಹಾಗೆ.

ನಾವು ಏಳು ಜನ. ಭಾನುವಾರ, ಒಂಬತ್ತೂವರೆ,
ಬೆಳಕು ಇನ್ನೂ ಕಣ್ಣುಜ್ಜಿಕೊಳ್ಳುತ್ತಿದೆ.
ಬೂಟಿಗೆ ಉದ್ದ ಸ್ಕೇಟು ಬಿಗಿದು ಹಿಲ್ಕಾ ಮುಂದೆ.
ಮೂವತ್ತು ವರ್ಷ ದೋಣಿ ನಡೆಸಿದವಳು,
ಈಗ ಅದೇ ನೀರಿನ ಮೇಲೆ ನಮ್ಮನ್ನು ನಡೆಸುತ್ತಾಳೆ.
ಕೈಯಲ್ಲಿ ಕಬ್ಬಿಣದ ಮೊನೆಯ ಕೋಲು:
ಒಂದೇ ಏಟಿಗೆ ತೂತಾದರೆ ಹಿಂದಕ್ಕೆ,
ಎರಡನೆಯದಕ್ಕೂ ಆಗದಿದ್ದರೆ ಬನ್ನಿ.
ಇಷ್ಟೇ ನಮ್ಮ ಶಾಸ್ತ್ರ.
ಜೊತೆಗೆ ಕಿವಿ.

ದಪ್ಪ ಐಸು ತಗ್ಗಿನ ದನಿಯಲ್ಲಿ ಗುಮ್ಮೆನ್ನುತ್ತದೆ,
ತೆಳುವಾದಂತೆ ಸ್ವರ ಏರುತ್ತದೆ,
ಸಿಳ್ಳೆಯಾದರೆ ನಿಲ್ಲು.
ತೈಸ್ತೋಗೆ ಇದನ್ನು ಯಾರು ಹೇಳಿಕೊಡಬೇಕು?
ಊರಿನ ಅಷ್ಟೂ ಪಿಯಾನೋಗಳ ಶ್ರುತಿ ಮಾಡಿದವನು,
ಇಗರ್ಜಿಯದು, ಶಾಲೆಯದು,
ನನ್ನ ಅತ್ತೆಯ ಮನೆಯದು, ಒಳಗೆ ಇಲಿ ಮರಿ ಹಾಕಿದ್ದಾಗಲೂ.

ಎರಡು ದ್ವೀಪಗಳ ನಡುವಿನ ಸಂದಿ. ಅಡಿಯಲ್ಲಿ ಹರಿವು ಇರುವ ಜಾಗ.
ಸ್ವರ ಏರಿತು.
ಹಿಲ್ಕಾ ನಿಂತಳು. ಕೌಕೊ ನಿಂತ. ನಾವೂ.
ತೈಸ್ತೋ ಮಾತ್ರ ನಮ್ಮ ಪಕ್ಕದಿಂದ, ಕೈ ಬೆನ್ನಿಗೆ ಕಟ್ಟಿ,
ಊಟ ಮುಗಿಸಿ ಅಡ್ಡಾಡಲು ಹೊರಟವನಂತೆ
ಜಾರುತ್ತ, ಜಾರುತ್ತ.
ಕೂಗಿದೆವು. ಕೂಗು ಅವನ ಬೆನ್ನು ಮುಟ್ಟುವ ಹೊತ್ತಿಗೆ
ಬೆನ್ನೇ ಇರಲಿಲ್ಲ.

ಟೊಪ್ಪಿ ಇತ್ತು ನೀರಿನ ಮೇಲೆ. ಆಮೇಲೆ ಅದರ ಪಕ್ಕ ಮುಖ.

ನೀರಿಗಿಳಿದ ಮೇಲೆ ಚಳಿಯೇನು ಅನ್ನುವವರು
ಈ ನೀರಿಗೆ ಇಳಿದವರಲ್ಲ.
ಕೊರಳಲ್ಲಿ ತೂಗಿದ ಮೊಳೆಗಳನ್ನು ಕಿತ್ತು ಅಂಚಿಗೆ ಚುಚ್ಚುತ್ತಾನೆ,
ಅಂಚು ಮುರಿಯುತ್ತದೆ.
ಮತ್ತೆ ಚುಚ್ಚುತ್ತಾನೆ, ಮುರಿಯುತ್ತದೆ.
ಹಿಲ್ಕಾ ಹೊಟ್ಟೆಯ ಮೇಲೆ ಮಲಗಿ ಹಗ್ಗ ಎಸೆದಳು.
ಎಳೆದೆವು, ಐಸಾ ಅನ್ನುವುದಕ್ಕೂ ಉಸಿರಿಲ್ಲದೆ.

ದಡದ ಪೈನ್ ಮರದ ಕೆಳಗೆ ಅವನ ಚೀಲ ಬಿಚ್ಚಿದರೆ
ಬದಲು ಬಟ್ಟೆ ಇರಬೇಕಾದಲ್ಲಿ ಏಲಕ್ಕಿ ಬನ್ನು.
ಹನ್ನೆರಡು.
ಒಂದಕ್ಕೂ ಒಂದು ಹನಿ ತಾಗಿಲ್ಲ.

ನಮ್ಮ ನಮ್ಮ ಚೀಲಕ್ಕೆ ಕೈ ಹಾಕಿದೆವು.
ರೈಲಿ ಕೊಟ್ಟದ್ದು ಉಣ್ಣೆಯ ಚಡ್ಡಿ, ಗುಲಾಬಿ ಬಣ್ಣದ್ದು.
ಕೌಕೊನ ಪ್ಯಾಂಟು. ಪೆಂಟ್ಟಿಯ ಅಂಗಿ, ಗುಂಡಿ ಹೊಟ್ಟೆಗೆ ಕೂಡಲಿಲ್ಲ.
ಹಿಲ್ಕಾಳ ಕೈಗವಸು.
ಸೈಮಿ, ಹದಿನೇಳು, ಮೊದಲ ಸಲ ಬಂದವಳು,
ಕಾಲುಚೀಲ ಕೊಟ್ಟು ಎತ್ತಲೋ ನೋಡುತ್ತ ನಿಂತಳು.
ನನ್ನದು ಮಫ್ಲರು.
ನಮ್ಮೆಲ್ಲರನ್ನೂ ತೊಟ್ಟು ಕೂತ ಮನುಷ್ಯ
ಕಾಫಿಯ ಲೋಟ ಹಲ್ಲಿಗೆ ಬಡಿಯುತ್ತಿರಲು ಹೇಳಿದ:

"ಮೇಲಿನ ಸ್ವರಗಳು ಹೋಗಿ ಎರಡು ವರ್ಷ.
ಮೊದಲು ಬಲತುದಿಯ ನಾಲ್ಕು ಕೀ. ಆಮೇಲೆ ಹಕ್ಕಿಗಳು.
ಈಸ್ಟರಿಗೆ ಇಗರ್ಜಿಯದನ್ನು
ನೆನಪಿನಿಂದ ಶ್ರುತಿ ಮಾಡಿದೆ."

ಯಾರೂ ಏನೂ ಅನ್ನಲಿಲ್ಲ.
ಈಸ್ಟರಿನಂದು ಆ ಪಿಯಾನೋ ನುಡಿಸಿದ್ದು ರೈಲಿ.
ಬನ್ನು ಮುರಿದಳು, ಅರ್ಧ ಅವನಿಗೆ.
"ಗೊತ್ತಿತ್ತು" ಅಂದಳು. "ಚೆನ್ನಾಗಿರಲಿಲ್ಲ."

ಮುಂದಿನ ಭಾನುವಾರ ಬಟ್ಟೆಗಳೆಲ್ಲ ಒಗೆದು, ಮಡಿಸಿ,
ಹೆಸರಿನ ಚೀಟಿ ಸಿಕ್ಕಿಸಿಕೊಂಡು ಬಂದವು.
ಗುಲಾಬಿ ಚಡ್ಡಿಗೆ ಚೀಟಿ ಇರಲಿಲ್ಲ. ಮರ್ಯಾದೆ.
ಅವನೂ ಬಂದ. ಹಿಲ್ಕಾಳ ಹಿಂದೆ ಎರಡನೆಯವನು ಈಗ,
ಸ್ವರ ಏರಿದರೆ ಅವಳು ಕೋಲು ಎತ್ತಬೇಕು, ಅವನು ನಿಲ್ಲಬೇಕು.

ಆದರೆ ಸಂದಿ ಇನ್ನೂ ದೂರವಿರುವಾಗ,
ಕೋಲು ಏಳದೆಯೇ ನಿಂತ.
ಬಗ್ಗಿ ಗವಸು ತೆಗೆದು ಅಂಗೈಯನ್ನು ಐಸಿನ ಮೇಲಿಟ್ಟ,
ಕುದುರೆಯ ಪಕ್ಕೆಗೆ ಇಡುವ ಹಾಗೆ.
ನಾವೂ ಉಸಿರು ಹಿಡಿದು ನಿಂತೆವು.
ಹಿಲ್ಕಾ ಕುಟ್ಟಿದಳು. ಒಂದು. ಎರಡು. ಮೂರು.
ತೂತಾಗಲಿಲ್ಲ.

"ಏನಿಲ್ಲ" ಅಂದ, ಮಂಡಿ ಹಿಡಿದು ಏಳುತ್ತ,
"ಸುಮ್ಮನೆ ಮಾತಾಡಿಸಿದೆ."