ಕೆಳಗಿನಿಂದ ಓದು

ಮುಟ್ಟಬೇಡ, ಯೆರ್ಕೊ. ಹದಿನೈದು ನಿಮಿಷ.
ಬ್ರೇಕರ್ ತೆರೆದಿದೆ, ನಿಜ. ಬೀಗ ಜಡಿದವಳೂ ನಾನೇ,
ಕೀಲಿ ನನ್ನ ಕೊರಳಲ್ಲಿ
ಮಾತೆ ಮರಿಯಳ ಪದಕಕ್ಕೆ ತಾಗಿ ಕಿಣಿಕಿಣಿ ಅನ್ನುತ್ತಿದೆ.
ಆದರೂ ಒಳಗೆ, ಕೆಪಾಸಿಟರುಗಳ ಹೊಟ್ಟೆಯಲ್ಲಿ
ಇನ್ನೂ ಅರಗದ ವೋಲ್ಟುಗಳಿವೆ.
ಆ ಕೆಂಪು ದೀಪ ಆರುವತನಕ
ಇದು ಸತ್ತಿಲ್ಲ, ಕಣ್ಣು ಮುಚ್ಚಿದೆ ಅಷ್ಟೆ.

ಕೂತುಕೋ. ಬುತ್ತಿ ಬಿಚ್ಚು.
ಹೊರಗೆ ಕಮಂಚಾಕ ನೋಡು, ಕಡಲಿಂದ ಹತ್ತಿ ಬಂದ ಮಂಜು,
ತಾಲ್ತಾಲಿನ ದೀಪಗಳನ್ನೆಲ್ಲ ನುಂಗಿ
ಈಗ ಪಂಪುಮನೆಯ ಬಾಗಿಲ ಸಂದಿನಲ್ಲಿ ಮೂಗು ತೂರಿಸುತ್ತಿದೆ.
ಮಳೆ ಕಾಣದ ಈ ಗುಡ್ಡಕ್ಕೆ
ಒದ್ದೆ ಅಂದರೆ ಅದೊಂದೇ.

ಪರದೆ ಏನನ್ನುತ್ತದೆ, ಓದು.
ಎಫ್ ನೂರಾ ಹನ್ನೆರಡು, ಸಂಪರ್ಕ ಕಡಿದಿದೆ.
ಕೇಬಲ್ ಬದಲಿಸೋಣ ಅನ್ನುತ್ತೀಯ.
ಹೋದ ತಿಂಗಳು ಬದಲಿಸಿದರಲ್ಲ,
ಸಾಂತಿಯಾಗೊದಿಂದ ಬಂದ ಬಿಳಿ ಹೆಲ್ಮೆಟ್ಟಿನವರು.
ಎತ್ತಿಗೆ ಜ್ವರ, ಎಮ್ಮೆಗೆ ಬರೆ.
ಮೂರು ದಿನ ಸುಮ್ಮನಿತ್ತು. ಆಮೇಲೆ
ಬೆಳಗಿನ ಜಾವ ನಾಲ್ಕೂ ಹತ್ತಕ್ಕೆ ಮತ್ತೆ ಅದೇ ರಾಗ.

ಹುಡುಗಾ, ಪರದೆ ತೋರಿಸುವುದು ಕೊನೆಯ ಕೂಗು.
ಉರಿವ ಮನೆಯಲ್ಲಿ ಕಡೆಗೆ ಕಿರುಚಿದವನೇ
ಬೆಂಕಿ ಹಚ್ಚಿದವನಾಗಬೇಕಿಲ್ಲ.
ದಾಖಲೆಗೆ ಹೋಗು. ಕೆಳಗಿನಿಂದ ಓದು.
ನಾಲ್ಕು ಹತ್ತು, ಏಳನೇ ಸೆಕೆಂಡು: ಎಫ್ ನಲವತ್ತೇಳು.
ಇಪ್ಪತ್ತೆಂಟು ಮಿಲಿಸೆಕೆಂಡು ಕಳೆದು ವೋಲ್ಟೇಜು ಕುಸಿತ.
ಆಮೇಲೆ ಫ್ಯಾನು. ಸಂಪರ್ಕ ಕಡಿದದ್ದು ಆಮೇಲೆ ತಾನೆ?
ರೆಪ್ಪೆ ಬಡಿಯುವುದರೊಳಗೆ
ಒಬ್ಬರ ಮೇಲೊಬ್ಬರು ಬಿದ್ದಿದ್ದಾರೆ, ಪಾಪ,
ಎಲ್ಲರ ಕೆಳಗೆ ಸಿಕ್ಕವನಿಗೆ ದನಿಯೇ ಇಲ್ಲ.

ಕೈಪಿಡಿ ಆ ಡಬ್ಬದಲ್ಲಿದೆ. ಜರ್ಮನ್ನಿನಿಂದ
ಯಾರೋ ನಿದ್ದೆಗಣ್ಣಲ್ಲಿ ನಮ್ಮ ಭಾಷೆಗೆ ತಂದದ್ದು.
ನಲವತ್ತೇಳರ ಎದುರು "ಭೂಮಿಯ ತಪ್ಪು" ಎಂದು ಬರೆದಿದೆ.
ಮೊದಲ ವರ್ಷ ಓದಿ ನಕ್ಕಿದ್ದೆ,
ಭೂಮಿ ಏನು ತಪ್ಪು ಮಾಡೀತು?
ಅದರ ಕೆಳಗೆ ಪೆನ್ಸಿಲಿನಲ್ಲಿ ಬರೆದವಳು ನಾನು:
ಬಿಸಿಲಲ್ಲಾದರೆ ಮೋಟಾರು ನೋಡು, ಮಂಜಲ್ಲಾದರೆ ಉಪ್ಪು.
ಎಲ್ಲಿ ನೋವು ಅಂತ ಕೋಡು ಹೇಳುತ್ತದೆ,
ಯಾಕೆ ಅಂತ ಅದಕ್ಕೂ ಗೊತ್ತಿಲ್ಲ.

ಫೋನು ಬಡಿದುಕೊಳ್ಳಲಿ ಬಿಡು, ಮೇಲಿನ ಗಣಿಯವರು.
ನೀರಿಲ್ಲದೆ ಅವರ ಗಿರಣಿ ನಿಂತಿದೆ,
ನಿಮಿಷಕ್ಕೆ ಇಷ್ಟು ಡಾಲರು ಅಂತ ಲೆಕ್ಕ ಒಪ್ಪಿಸುತ್ತಾರೆ.
ಎಡುವಿನಾ, ಒಮ್ಮೆ ರೀಸೆಟ್ ಒತ್ತಿ ನೋಡಮ್ಮ ಅನ್ನುತ್ತಾರೆ.

ಡೆಲ್ಫಿನ್ ಒತ್ತಿದ. ಏಳು ಸಲ.
ಆಗ ನಾನು ನಿನ್ನ ವಯಸ್ಸಿನವಳು, ಟಾರ್ಚು ಹಿಡಿದು ಹಿಂದೆ ನಿಂತಿದ್ದೆ.
ಒಂದೊಂದು ಒತ್ತಿಗೂ ಹಳೆಯದೊಂದು ಸಾಲು ಅಳಿದುಹೋಯಿತು.
ಓದಲು ಏನೂ ಉಳಿಯದಾದಾಗ ಬಾಗಿಲು ತೆಗೆದ.
ಕಾಯಲಿಲ್ಲ.
ಈಗ ಬಂದರಿನ ಪಕ್ಕ ಮೀನು ಹುರಿಯುತ್ತಾನೆ,
ಚಿಲ್ಲರೆ ಎಣಿಸುವುದು ಎಡಗೈಯಲ್ಲಿ.
ಬಲಗೈಯ ಮಾತು ನಾನು ತೆಗೆಯುವುದಿಲ್ಲ, ಅವನೂ ತೆಗೆಯುವುದಿಲ್ಲ.
ಒಂದು ಮೀನು ಮಾತ್ರ ಹೆಚ್ಚಿಗೆ ಹಾಕುತ್ತಾನೆ.

ನೋಡು, ದೀಪ ಆರಿತು.
ದೀಪವನ್ನು ನಂಬಬೇಡ, ಬಲ್ಬೇ ಸುಟ್ಟಿರಬಹುದು.
ಮೀಟರನ್ನೂ ನಂಬಬೇಡ; ಮೊದಲು ಜೀವವಿರುವ ತಂತಿಯ ಮೇಲೆ ಪರೀಕ್ಷಿಸು,
ಆಮೇಲೆ ಇದರ ಮೇಲೆ, ಮತ್ತೆ ಅದರ ಮೇಲೆ.
ಸೊನ್ನೆ. ಸರಿ. ಈಗ ಅರ್ಥಿಂಗ್ ಕೋಲು ತಾಗಿಸು.
ತಪ್ಪು ಹೊತ್ತ ಭೂಮಿಯೇ ಈಗ ನಿನ್ನನ್ನು ಕಾಯಬೇಕು.

ಹ್ಞಾಂ, ಅಲ್ಲಿ. ಮೂರನೆಯ ಪಿಂಗಾಣಿಯ ಕತ್ತಿನಲ್ಲಿ
ಕೂದಲೆಳೆಯಷ್ಟು ಕಪ್ಪು ಗೆರೆ.
ನೆಕ್ಕಬೇಡ. ನಾನು ನೆಕ್ಕಿದ್ದೇನೆ ಒಮ್ಮೆ. ಕಡಲು.
ಒಣಬಟ್ಟೆಯಲ್ಲಿ ಒರೆಸು, ಆಮೇಲೆ ಸ್ಪಿರಿಟ್ಟು.
ಬಾಗಿಲ ಸಂದಿಗೆ ರಬ್ಬರು ಬೇಕೆಂದು ನಾಲ್ಕು ವರ್ಷದಿಂದ ಬರೆಯುತ್ತಿದ್ದೇನೆ,
ಆ ಕೋಡು ಬಿಡಿಸಿ ಓದುವವರು ಮೇಲೆ ಯಾರೂ ಇಲ್ಲ.

ಪೆನ್ಸಿಲು ತಗೋ. ನಿನ್ನ ಕೈಯಲ್ಲೇ ಬರೆ ಈ ಸಲ.
ಸಮಯ ಮೊದಲು.